ಬಸ್ಸಿನಲ್ಲಿ ಪೋಣಿಸಿದ ಪುತಳಿ ಸರ

ಚನಬಸವ್ವನ ಮೈಮೇಲೆ ಗುಂಜಿಯಷ್ಟೂ ಬಂಗಾರ ಇರಲಿಲ್ಲ. ಆದರೆ ಒಡವೆಗಳ ಹೆಸರು ಹೇಳೆಂದರೆ ಆಕೆಯ ಬಾಯಿ ನಿಲ್ಲುತ್ತಿರಲಿಲ್ಲ. ಪುತಳಿ ಸರ, ಬೋರಮಾಳ, ವಂಕಿ, ಪಾಟಲಿ, ಬಿಲ್ವಾರ, ಬುಗಡಿ, ಝುಮಕಿ, ನತ್ತು ಎಂದು ಒಂದೊಂದನ್ನೂ ತನ್ನ ಪೆಟ್ಟಿಗೆಯಿಂದಲೇ ತೆಗೆದು ಇಡುವವಳ ಹಾಗೆ ಹೇಳುತ್ತಿದ್ದಳು. ಎಲ್ಲ ನೋಡಿದ್ದು, ಹಾಕಿಕೊಂಡದ್ದಲ್ಲ. ಸಿಂದಗಿ ಹತ್ತಿರದ ತನ್ನೂರಿನಲ್ಲಿ ಗೌಡರ ಮನೆಯ ಮದುವೆಗಳಿಗೆ ರೊಟ್ಟಿ ಬಡಿಯಲು ಹೋದಾಗ ಕೈ ತನ್ನಷ್ಟಕ್ಕೆ ಬಡಿಯುತ್ತಿತ್ತು, ಕಣ್ಣು ಮಾತ್ರ ಒಳಕೋಣೆಯ ಹೆಂಗಸರ ಕೊರಳಲ್ಲಿ ಇರುತ್ತಿತ್ತು. "ನೋಡಾಕ ಯಾರಪ್ಪನ ಗಂಟು ಹೋಗ್ತದ?" ಎಂಬುದು ಆಕೆಯ ಮಾತು.

ಈಗ ಆಕೆ ಇರುವುದು ನಾಸಿಕದಲ್ಲಿ. ಪಾಥರ್ಡಿ ಫಾಟಾ ದಾಟಿ ಒಳಗೆ ಹೋದರೆ ಕಟ್ಟಿ ಮುಗಿಯದ ಎತ್ತರದ ಕಟ್ಟಡಗಳ ಸಾಲು ಸಿಗುತ್ತದೆ, ಅವುಗಳ ಬೆನ್ನಿಗೆ ಕೂಲಿಯವರ ತಗಡಿನ ಶೆಡ್ಡುಗಳು. ಮಗ ಅಮಸಿದ್ದ ಗೌಂಡಿ, ಸೊಸೆ ಸುಗುಣಾ ಅವನಿಗೆ ಗಿಲಾವಿನ ಮಾಲು ಹೊತ್ತು ಕೊಡುವವಳು. ಚನಬಸವ್ವನೂ ಬುಟ್ಟಿ ಹೊತ್ತವಳೇ. ಮೊಣಕಾಲು ಕೈಕೊಟ್ಟ ಮೇಲೆ ಶೆಡ್ಡಿನ ಮಕ್ಕಳನ್ನೆಲ್ಲ ಕಾಯುವ ಕೆಲಸ ಆಕೆಯ ಪಾಲಿಗೆ ಬಂತು. ಕಟ್ಟಡದ ಜಾಗದಲ್ಲಿ ಮಕ್ಕಳನ್ನು ಕಾಯುವುದೆಂದರೆ ಹುಡುಗಾಟವಲ್ಲ ಕಣ್ರೀ. ಒಂದು ಕಡೆ ನೀರಿನ ಹೊಂಡ, ಇನ್ನೊಂದು ಕಡೆ ಮೊನೆ ಚಾಚಿ ನಿಂತ ಕಬ್ಬಿಣದ ಸಳಿ, ಮೇಲಿಂದ ಏನು ಯಾವಾಗ ಬೀಳುತ್ತದೋ ದೇವರೇ ಬಲ್ಲ. ಗದರಿದರೆ ಒಂದು ಗಳಿಗೆ ಕೂರುತ್ತವೆ, ಕಣ್ಣು ತಪ್ಪಿದರೆ ಮಾಯ. ಮಕ್ಕಳು ಕೂತಲ್ಲಿ ಕೂರಬೇಕಾದರೆ ಕೈಗೆ ಕೆಲಸ ಬೇಕು ಎಂದು ಆಕೆಗೆ ಬಲು ಬೇಗ ತಿಳಿಯಿತು.

ಆ ಕೆಲಸ ಹುಟ್ಟಿದ್ದು ಹಾಲಿನ ಪಾಕೀಟಿನಿಂದ. ಪಕ್ಕದ ಶೆಡ್ಡಿನ ಪುಟ್ಟ ಹುಡುಗಿ ಮಾಳವ್ವ ಒಂದು ದಿನ ಬಳೆ ಬೇಕೆಂದು ರಚ್ಚೆ ಹಿಡಿದಳು. ಚನಬಸವ್ವ ತೊಳೆದಿಟ್ಟ ಪಾಕೀಟನ್ನು ಉದ್ದುದ್ದ ಪಟ್ಟಿ ಮಾಡಿ ಸೀಳಿ, ಜಡೆ ಹೆಣೆದು, ಎರಡು ತುದಿ ಸೇರಿಸಿ ಹೊಲಿದು ಅವಳ ಕೈಗೆ ಏರಿಸಿದಳು. "ತಗೋ, ಪಾಟಲಿ." ಅಷ್ಟೇ ನೋಡಿ, ಮರುದಿನ ಶೆಡ್ಡಿನ ಮಕ್ಕಳೆಲ್ಲ ಒಂದೊಂದು ಪಾಕೀಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಆಮೇಲೆ ಮನೆಯಲ್ಲಿ ಏನೂ ಕಸವಾಗಿ ಉಳಿಯಲಿಲ್ಲ. ಹಳೇ ಲಗ್ನಪತ್ರಿಕೆಗಳನ್ನು ಚೂಪಾಗಿ ಕತ್ತರಿಸಿ, ಕೌದಿ ಹೊಲಿಯುವ ದಬ್ಬಣಕ್ಕೆ ಸುತ್ತಿ, ಹಿಟ್ಟಿನ ಅಂಟು ಹಚ್ಚಿ ಎಳೆದರೆ ಬೋರಮಾಳದ ಗುಂಡು. ಸೋಡಾ ಬಾಟಲಿಯ ಮುಚ್ಚಳವನ್ನು ಕಲ್ಲಿನಿಂದ ಚಪ್ಪಟೆ ಬಡಿದು, ಗುಳಿಗೆಯ ಬೆಳ್ಳಿಕಾಗದ ಹೊದಿಸಿ, ಮೊಳೆಯ ತುದಿಯಿಂದ ಚುಕ್ಕಿ ಒತ್ತಿದರೆ ಪುತಳಿ ಸರದ ನಾಣ್ಯ. ವಾಯರಿನ ಬಣ್ಣದ ಸಿಪ್ಪೆ ಬುಗಡಿಯಾಯಿತು, ಕೆಟ್ಟ ಬ್ಯಾಗಿನ ಜಿಪ್ಪು ನಡುವಿನ ಡಾಬಾಯಿತು. ಅಲ್ಲಿ ಒಂದೇ ಕಾನೂನು: ಒಡವೆಯ ಹೆಸರು ಸರಿಯಾಗಿ ಹೇಳದವರಿಗೆ ಮಣಿ ಇಲ್ಲ. ಮನೆಯಲ್ಲಿ ಕನ್ನಡ ಕೇಳಿ ಬೀದಿಯಲ್ಲಿ ಮರಾಠಿ, ಹಿಂದಿ ಆಡುವ ಮಕ್ಕಳು ಅವು. ಮೈಲಾರಿ ಎಂಬ ತುಂಟನಂತೂ ಅವ್ವನಿಗೆ ನೀರು ಕೊಡು ಎನ್ನುವುದನ್ನೂ ಹಿಂದಿಯಲ್ಲೇ ಹೇಳುತ್ತಿದ್ದ. ಅಂಥವನು ಶೆಡ್ಡು ಹಾರಿಹೋಗುವ ಹಾಗೆ "ಬಿಲ್ವಾರ!" ಎಂದು ಕೂಗಿ ಮಣಿ ಇಸಿದುಕೊಳ್ಳುತ್ತಿದ್ದ.

ಎಲ್ಲರಿಗಿಂತ ಚುರುಕು ಬೆರಳು ದಾನಮ್ಮನದು. ಅವಳು ಅಮಸಿದ್ದನ ಹಿರಿಯ ಮಗಳು, ಹತ್ತಿರದ ಮರಾಠಿ ಶಾಲೆಯಲ್ಲಿ ಆರನೆಯ ಇಯತ್ತೆ. ಅವಳು ಸುತ್ತಿದ ಗುಂಡುಗಳನ್ನು ಸಾಲಾಗಿಟ್ಟರೆ ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ. "ಪತ್ತಾರ ಮನ್ಯಾಗ ಹುಟ್ಟಬೇಕಿತ್ತಲ್ಲೇ ನೀ, ದಾರಿ ತಪ್ಪಿ ನಮ್ಮನಿಗಿ ಬಂದಿ" ಎಂದು ಚನಬಸವ್ವ ಮೊಮ್ಮಗಳ ಗಲ್ಲ ಹಿಂಡುತ್ತಿದ್ದಳು. ಪತ್ತಾರ ಎಂದರೆ ಅಕ್ಕಸಾಲಿಗ. ಹೇಳಿ ಸುಮ್ಮನಾಗುವ ಪೈಕಿಯೂ ಅಲ್ಲ ಆಕೆ. ನೀರು ತುಂಬುವಲ್ಲಿ, ರೇಶನ್ ಅಂಗಡಿಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಇಂಥ ಹುಡುಗಿಯ ಕೊರಳಿಗೆ ಒಂದು ಮಾತು ಉರುಳಾಯಿತು. ಎದುರಿನ ಅಪಾರ್ಟ್‌ಮೆಂಟ್ ಸೊಸೈಟಿಯ ಕಸದ ಡಬ್ಬಿಯ ಹತ್ತಿರ ಅವಳು ಪಾಕೀಟು ಆರಿಸುತ್ತಿದ್ದುದನ್ನು ತರಗತಿಯ ಹುಡುಗಿಯರು ಕಂಡರು. ಮರುದಿನ ಶಾಲೆಯಲ್ಲಿ ಅವಳ ಹೆಸರು ದಾನಮ್ಮ ಅಲ್ಲ, ಕಚರಾವಾಲಿ, ಕಸದವಳು. ಪಾಠ ಓದಲು ಎದ್ದರೆ ಹಿಂದಿನಿಂದ ಪಿಸುಪಿಸು, ಊಟದ ಡಬ್ಬಿ ಬಿಚ್ಚಿದರೆ ಪಕ್ಕದವರು ಮೂಗು ಹಿಡಿಯುವುದು. ಅಂದಿನಿಂದ ದಾನಮ್ಮನಿಗೆ ಬೆಳಗಾದರೆ ಹೊಟ್ಟೆನೋವು. ಶಾಲೆಯ ಗಂಟೆ ಹೊಡೆದ ಮೇಲೆ ನೋವು ತಾನಾಗಿ ಹೋಗುತ್ತಿತ್ತು. ನಿಜ ಏನೆಂದು ಅದೇ ಶಾಲೆಗೆ ಹೋಗುವ ಮೈಲಾರಿ ಬಾಯಿಬಿಟ್ಟಾಗ ಚನಬಸವ್ವನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಆ ಪಾಕೀಟು ತರಲು ಹುಡುಗಿಯನ್ನು ಕಳಿಸಿದ್ದು ತಾನೇ ಅಲ್ಲವೇ!

ಅಮಸಿದ್ದ ಕೆಟ್ಟವನಲ್ಲ, ದಣಿದವನು. "ಸೋಮಾರ ಸಾಲಿಗಿ ಹೋದ್ರ ಹೋಗ್ಲಿ, ಇಲ್ಲಂದ್ರ ಹೆಸರು ತಗಸ್ತೀನಿ. ತಮ್ಮನ್ನ ಆಡಿಸ್ಕೋತ ಮನ್ಯಾಗ ಇರ್ಲಿ" ಎಂದುಬಿಟ್ಟ. ಅವನು ಒಮ್ಮೆ ಹೇಳಿದ್ದನ್ನು ಹಿಂದೆ ತೆಗೆದುಕೊಂಡದ್ದು ಯಾರಿಗೂ ನೆನಪಿಲ್ಲ.

ಆ ವಾರವೇ ರಂಜನಿ ಟೀಚರ್ ಮೇಳದ ಸುದ್ದಿ ತಂದಳು. ಅವಳು ಮೈಸೂರಿನವಳು. ಗಂಡ ಓಝರ್‌ನ ವಿಮಾನದ ಕಾರ್ಖಾನೆಯಲ್ಲಿ ಎಂಜಿನಿಯರ್, ಅವಳು ಅಷ್ಟು ದೂರದಿಂದ ಸ್ಕೂಟರಿನ ಮೇಲೆ ಬಂದು ಶೆಡ್ಡಿನ ಮಕ್ಕಳಿಗೆ ಓದು ಲೆಕ್ಕ ಹೇಳಿಕೊಡುವಳು. "ಅಜ್ಜಿ, ಶನಿವಾರ ಸಂಭಾಜಿನಗರದಲ್ಲಿ ಒಂದು ಮೇಳ ಇದೆ. ಬೇರೆ ಬೇರೆ ಊರಿನ ಕೂಲಿಯವರ ಮಕ್ಕಳು ತಾವು ಮಾಡಿದ್ದನ್ನ ತಂದು ತೋರಿಸ್ತಾರೆ. ನಮಗೂ ಒಂದು ಮೇಜು ಕೊಡ್ತಾರಂತೆ, ಹೋಗೋಣ್ವಾ?"

"ಹೋಗೂಣು ಅಂತ ಕೇಳ್ತೀರಲ್ರಿ ಟೀಚರ್! ಮೇಜಂದ್ರ ಎಷ್ಟ ದೊಡ್ಡದಿರ್ತದ ಅಷ್ಟ ಹೇಳ್ರಿ" ಎಂದಳು ಚನಬಸವ್ವ. ದಾನಮ್ಮ ಮಾತ್ರ ಮುಖ ಊದಿಸಿದಳು. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: "ನಾ ಹಿಂದ ಕುಂಡ್ರತೀನಿ. ಎಲ್ಲಿಂದ ತಂದ್ರಿ ಅಂತ ಯಾರರ ಕೇಳಿದ್ರ ನನ್ನ ಕಡಿ ಕೈ ಮಾಡಬ್ಯಾಡ್ರಿ." ಚನಬಸವ್ವ ಆಗಲಿ ಎಂದಳು. ಮನಸ್ಸಿನೊಳಗೆ ಆಕೆಯ ಲೆಕ್ಕವೇ ಬೇರೆ. ಈ ಹುಡುಗಿಯ ಬೆರಳಿನ ಕೆಲಸವನ್ನು ನಾಲ್ಕು ಜನ ಹೊಗಳಬೇಕು, ಇವಳು ಅದನ್ನು ಕಿವಿಯಾರೆ ಕೇಳಬೇಕು, ಸೋಮವಾರ ತಲೆಯೆತ್ತಿ ಶಾಲೆಯ ಬಾಗಿಲು ದಾಟಬೇಕು. ಆಕೆಗೆ ಬೇಕಾಗಿದ್ದುದು ಅದೊಂದೇ.

ಶುಕ್ರವಾರ ಸಂಜೆಯ ಹೊತ್ತಿಗೆ ಮದುಮಗಳೊಬ್ಬಳಿಗೆ ಸಾಲುವಷ್ಟು ಒಡವೆ ಸಿದ್ಧವಾಗಿತ್ತು. ಟೀಚರ್ ಕೊಟ್ಟ ಉಗುರುಬಣ್ಣವನ್ನು ಮಕ್ಕಳು ಒಂದೊಂದಕ್ಕೂ ಬಳಿದು ಮಿರಿಮಿರಿ ಮಾಡಿದ್ದರು. ರಟ್ಟಿನ ಡಬ್ಬಿಯಲ್ಲಿ ಕೆಂಪು ಬಟ್ಟೆ ಹಾಸಿ ಜೋಡಿಸಿಟ್ಟಾಗ ಶೆಡ್ಡಿನ ಹೆಂಗಸರೆಲ್ಲ ಬಂದು ಬಂದು ನೋಡಿದರು. "ಅವ್ವs, ಖರೇ ಬಂಗಾರ ಇದ್ದಂಗ ಅದವಲ್ಲೇ!" ಎಂದು ಗಲ್ಲಕ್ಕೆ ಕೈಹಚ್ಚಿದವರು ಎಷ್ಟೋ. ಚನಬಸವ್ವ ಉಬ್ಬಿಹೋದಳು. ಉಬ್ಬಿದ ಬೆನ್ನಿಗೇ ಒಂದು ಹೆದರಿಕೆ ಹುಟ್ಟಿತು. ಇಷ್ಟು ಕಣ್ಣು ಬಿದ್ದರೆ ಹಸುಗೂಸಿಗೂ ಜ್ವರ ಬರುತ್ತದೆ, ಇನ್ನು ಇವು ಕಾಗದದ ಒಡವೆ.

ಹಾಗಾಗಿ ಶನಿವಾರ ಬೆಳಗ್ಗೆ ಹೊರಡುವ ಮುಂಚೆ ಆಕೆ ದೃಷ್ಟಿ ತೆಗೆಯಲು ನಿಂತಳು. ತಮ್ಮ ಕಡೆ ಎಳೇ ಕೂಸಿಗೆ ತೆಗೆಯುವ ಹಾಗೆಯೇ: ಹಳೇ ಸೀರೆಯ ಚೂರನ್ನು ಹೊಸೆದು ಬತ್ತಿ ಮಾಡಿ, ಎಣ್ಣೆಯಲ್ಲಿ ಅದ್ದಿ, ತುದಿಗೆ ಬೆಂಕಿ ಹಚ್ಚಿ ಡಬ್ಬಿಯ ಮೇಲೆ ಸುತ್ತಲೂ ನಿವಾಳಿಸಿದಳು. ಎಣ್ಣೆ ಸೊರ್ ಸೊರ್ ಎಂದು ಸದ್ದು ಮಾಡುತ್ತ ತೊಟ್ಟಿಕ್ಕಿದರೆ ದೃಷ್ಟಿ ತಗುಲಿತ್ತೆಂದು ಅರ್ಥ. ತೊಟ್ಟಿಕ್ಕಿತು. "ನೋಡ್ರಿ, ಎಷ್ಟ ಕಣ್ಣ ಬಿದ್ದಿದ್ವು!" ಎಂದು ಆಕೆ ಗೆಲುವಿನಿಂದ ಮಕ್ಕಳ ಕಡೆ ತಿರುಗಿದಳು. ಉರಿಯುವ ಎಣ್ಣೆ ತೊಟ್ಟಿಕ್ಕಿದ್ದು ಡಬ್ಬಿಯೊಳಕ್ಕೆ. ಕೆಳಗೆ ಉಗುರುಬಣ್ಣ, ಪ್ಲಾಸ್ಟಿಕ್ಕು, ಒಣಕಾಗದ. ಭಗ್ಗೆಂದಿತು. ಮೈಲಾರಿ ಓಡಿಹೋಗಿ ಕೊಡದ ನೀರನ್ನೆಲ್ಲ ತಂದು ಸುರಿದ. ಸುಡದೆ ಉಳಿದಿದ್ದದ್ದು ನೆಂದು ಮುದ್ದೆಯಾಯಿತು.

ಚನಬಸವ್ವ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟಳು. ಮಾಳವ್ವ ದನಿಯೆತ್ತಿ ಅತ್ತಳು. ಅಷ್ಟರಲ್ಲಿ ರಂಜನಿ ಊಟದ ಡಬ್ಬಿ ಹಿಡಿದು ಆಟೋದಿಂದ ಇಳಿದಳು. "ನಂದ ಕಣ್ಣ ಬಡೀತು ನೋಡ್ರಿ ಟೀಚರ್" ಎಂದಳು ಚನಬಸವ್ವ. "ಮಂದಿ ಕಣ್ಣ ತಗ್ಯಾಕ ಹೋಗಿ ನನ್ನ ಕೈಲೆ ನಾನs ಸುಟ್ಟೆ. ನನ್ನ ಕೈ ಸೇದಿ ಹೋಗ್ಲಿ." ರಂಜನಿ ಆಕೆಯ ಪಕ್ಕದಲ್ಲೇ ನೆಲಕ್ಕೆ ಕುಳಿತಳು.

ಆಗ ದಾನಮ್ಮ ಆ ಮುದ್ದೆಯನ್ನು ಕಾಲಿನಿಂದ ಸರಿಸಿದಳು. "ಛಲೋ ಆತು ಬಿಡು ಆಯಿ" ಎಂದಳು. ಆಯಿ ಎಂದರೆ ಅವರ ಕಡೆ ಅಜ್ಜಿ. "ಕಚರಾ ಸುಟ್ರ ಏನಾಗ್ತದ? ಕಚರಾನs ಅಲ್ಲ ಅದು?"

ಬೆಂಕಿ ಅಷ್ಟು ಸುಟ್ಟಿರಲಿಲ್ಲ, ಆ ಮಾತು ಸುಟ್ಟಿತು. ತನ್ನ ಕೈಯಿಂದ ತಾನೇ ಮಾಡಿದ್ದನ್ನು ಈ ಹುಡುಗಿ ಕಚರಾ ಎಂದಳು. ಹೀಗೆಯೇ ಬಿಟ್ಟರೆ ಸೋಮವಾರ ಇಲ್ಲ, ಶಾಲೆ ಇಲ್ಲ. ಇವಳು ಜನ್ಮವಿಡೀ ಆ ಹೆಸರು ಹೊತ್ತುಕೊಂಡು ಶೆಡ್ಡಿನೊಳಗೆ ತಮ್ಮನನ್ನು ಆಡಿಸುತ್ತ ಕೂರುತ್ತಾಳೆ. ಚನಬಸವ್ವ ಮೊಣಕಾಲಿಗೆ ಕೈಯೂರಿ ಎದ್ದಳು.

"ಟೀಚರ್, ಬಸ್ಸು ಎಷ್ಟೊತ್ತಿಗದ?"

"ಬರಿಗೈಲಿ ಹೋಗಿ ಏನ್ ಮಾಡೋಣ ಅಜ್ಜಿ?"

"ಬರಿಗೈ ಯಾಕ ಅಂತೀರಿ? ಕೈ ಅದಾವಲ್ರಿ! ದಾರ ಅದ, ದಬ್ಬಣ ಅದ, ಕತ್ತರಿ ಅದ. ಮೇಜ ನಮ್ದು ಅಂತ ಹೇಳ್ಯಾರಿಲ್ಲ? ನಾ ಬಿಟ್ಟುಕೊಡಾಕಿ ಅಲ್ಲ." ಆಮೇಲೆ ಮೊಮ್ಮಗಳ ಕಡೆ ನೋಡದೆಯೇ ಅಂದಳು: "ನೀ ಬರೂದಿಲ್ಲಂದ್ರ ಬ್ಯಾಡ ಬಿಡು. ದಬ್ಬಣಕ್ಕ ದಾರ ಏರಸಾಕ ನನಗ ಕಣ್ಣ ಕಾಣೂದಿಲ್ಲ, ಅದೊಂದs ಚಿಂತಿ." ಮುದುಕಿ ಬಲು ಪಾಕಡಾ. ದಾನಮ್ಮ ಗೊಣಗುತ್ತ ಚಪ್ಪಲಿ ಮೆಟ್ಟಿದಳು.

ಹೀಗೆ ಚನಬಸವ್ವ, ರಂಜನಿ, ದಾನಮ್ಮ, ಮೈಲಾರಿ, ಮಾಳವ್ವ ಸಂಭಾಜಿನಗರದ ಕೆಂಪು ಬಸ್ಸು ಹತ್ತಿದರು. ಹಿಂದಿನ ಸೀಟುಗಳು ಸಿಕ್ಕವು. ಕತ್ತರಿ ಹೊರಬಂತು. ಆದರೆ ಕತ್ತರಿಸಲು ಏನಿದೆ? ಮೈಲಾರಿಯ ಬಿಸ್ಕಿಟ್ ಪುಡಿಕೆಯ ಕಾಗದ, ಟೀಚರ್ ಡಬ್ಬಿಗೆ ಸುತ್ತಿದ್ದ ಪತ್ರಿಕೆ, ನೀರಿನ ಬಾಟಲಿಯ ಒಂದು ಮುಚ್ಚಳ. ಊರು ದಾಟುವಷ್ಟರಲ್ಲಿ ಅದು ಮುಗಿಯಿತು. ನಾಲ್ಕು ಗುಂಡಾಗಿದ್ದವು. ನಾಲ್ಕು ಗುಂಡಿನ ಬೋರಮಾಳ ಕಟ್ಟಿದರೆ ಕೋಳಿಮರಿಯ ಕೊರಳಿಗೂ ಸಾಲದು.

ಮೈಲಾರಿ ಸೀಟಿನ ಕೆಳಗೆ ತೂರಿ, ಬಿದ್ದಿದ್ದ ಚಿಪ್ಸಿನ ಖಾಲಿ ಪಾಕೀಟು ಹೆಕ್ಕತೊಡಗಿದ. ನಿಫಾಡದ ಹತ್ತಿರ ಕಂಡಕ್ಟರ್ ಸದಾನಂದನ ಕಾಲಿಗೆ ಅವನ ತಲೆ ತಾಗಿತು. ಕಂಡಕ್ಟರ್ ಅವನ ಅಂಗಿಯ ಕುತ್ತಿಗೆ ಹಿಡಿದು ಎತ್ತಿದ. ಕೈತುಂಬ ಕಸ. "ಬಸ್ಸಿನಲ್ಲಿ ಕಚರಾ ಆರಿಸ್ತೀಯಾ? ಯಾರ ಹುಡುಗ ಇವನು?" ಎಂದು ಮರಾಠಿಯಲ್ಲಿ ಗದರಿದ. ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಕಿವಿಯಲ್ಲಿ ವಾಯರು ಸಿಕ್ಕಿಸಿಕೊಂಡ ತರುಣನೊಬ್ಬ ಪಕ್ಕದವನಿಗೆ, "ಕಚರಾವಾಲೇ ಆಹೇತ್" ಎಂದು ನಕ್ಕ. ದಾನಮ್ಮನ ಮುಖ ಕಪ್ಪಿಟ್ಟಿತು. ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು.

ಚನಬಸವ್ವ ಎದ್ದು ನಿಂತಳು. ಆಕೆಯ ಮರಾಠಿ ಅಂದರೆ ಕೇಳಬೇಡಿ. ಅರ್ಧ ಹಿಂದಿ, ಅರ್ಧ ಸಿಂದಗಿ, ಒಗ್ಗರಣೆಗೆ ಎರಡು ಮರಾಠಿ ಮಾತು. "ದಾದಾ, ಹಮಾರಾ ಒಡವಿ ಜಳಾಲಾ... ಮೈನೇ ಹೀ ದೃಷ್ಟಿ ಕಾಢಾ, ಸಬ್ ಭಗ್ ಹೋಗಯಾ... ಪೋರ ಚಾಂಗಲಾ ಆಹೇ ದಾದಾ..." ಕೈಯಾಡಿಸಿ ಬೆಂಕಿ ತೋರಿಸಿದಳು, ಕೊರಳು ಮುಟ್ಟಿ ಸರ ತೋರಿಸಿದಳು, ಹುಡುಗ ಒಳ್ಳೆಯವನೆಂದು ಮೈಲಾರಿಯ ತಲೆ ಸವರಿದಳು. ಬಸ್ಸು ತಿರುವು ತೆಗೆದಾಗ ತೂರಾಡಿ ಕಂಬಿ ಹಿಡಿದುಕೊಂಡಳು. ಯಾರಿಗೂ ಏನೂ ತಿಳಿಯಲಿಲ್ಲ. ಮೊದಲು ಆ ತರುಣ ನಕ್ಕ, ಆಮೇಲೆ ಅವನ ಗೆಳೆಯ, ಆಮೇಲೆ ಇನ್ನೂ ಹಲವರು. ಚನಬಸವ್ವ ತಾನೂ ಅವರ ಜತೆ ನಗಲು ನೋಡಿದಳು. ನಗು ಬರಲಿಲ್ಲ.

"ಆಯಿ, ಕುಂಡ್ರು ನೀ."

ದಾನಮ್ಮ ಎದ್ದಿದ್ದಳು. ಕೈಯಲ್ಲಿ ದಬ್ಬಣ ಹಾಗೆಯೇ ಇತ್ತು. ತನ್ನನ್ನು ನೋಡಿ ನಕ್ಕರೆ ಹೊಟ್ಟೆನೋವು ಮಾಡಿಕೊಂಡು ಮಲಗುವ ಹುಡುಗಿ ಅದು. ಆದರೆ ಇವರು ನಕ್ಕದ್ದು ಆಯಿಯನ್ನು ನೋಡಿ. ಅವಳು ಸೀಟುಗಳ ನಡುವಿನ ದಾರಿಗೆ ಬಂದು, ಬಸ್ಸಿನ ಸದ್ದನ್ನೂ ಮೀರಿ, ಅಚ್ಚ ನಾಸಿಕದ ಮರಾಠಿಯಲ್ಲಿ ಹೇಳಿದಳು:

"ಹೋ, ಕಚರಾಚ್ ಪಾಹಿಜೆ. ತುಮ್‌ಚ್ಯಾಕಡೆ ಅಸೇಲ್ ತೋ ದ್ಯಾ."

ಹೌದು, ನಮಗೆ ಬೇಕಾದ್ದು ಕಚರಾನೇ, ನಿಮ್ಮ ಹತ್ತಿರ ಇದ್ದದ್ದು ಕೊಡಿ. ದಾನಮ್ಮ ನಿಲ್ಲಿಸಲಿಲ್ಲ. ಈಕೆ ನನ್ನ ಅಜ್ಜಿ, ಈಕೆಗೆ ನಿಮ್ಮ ಭಾಷೆ ಬರುವುದಿಲ್ಲ, ಕೆಲಸ ಬರುತ್ತದೆ ಎಂದಳು. ನಾವು ಹಾಲಿನ ಪಾಕೀಟಿನಿಂದ ಪಾಟಲಿ ಮಾಡುತ್ತೇವೆ, ಮುಚ್ಚಳದಿಂದ ಪುತಳಿ ಸರ ಮಾಡುತ್ತೇವೆ, ಎಲ್ಲ ಇವತ್ತು ಬೆಳಗ್ಗೆ ಸುಟ್ಟುಹೋಯಿತು, ಸಂಭಾಜಿನಗರ ಮುಟ್ಟುವುದರೊಳಗೆ ಮತ್ತೆ ಮಾಡಬೇಕು ಎಂದಳು. ಇದು ನಮ್ಮ ಹುಡುಗಿಯೇ ಹೌದೋ ಅಲ್ಲವೋ ಎಂದು ಮುದುಕಿ ಬಾಯಿ ಬಿಟ್ಟುಕೊಂಡು ನೋಡಿದಳು.

ಮೊದಲು ಅಲುಗಿದ್ದು ಕಂಡಕ್ಟರನ ಕೈ. ಅದು ಚರ್ಮದ ಚೀಲದೊಳಗೆ ಹೋಗಿ, ತಡಕಾಡಿ, ಟಿಕೆಟಿನ ಕಾಗದ ಮುಗಿದ ಮೇಲೆ ಉಳಿಯುವ ಪ್ಲಾಸ್ಟಿಕ್ಕಿನ ಪುಟ್ಟ ಸುರುಳಿಗಳನ್ನು ಹೊರಗೆ ತಂದಿತು. "ಹೇ ಚಾಲೇಲ್ ಕಾ?" ಇದು ನಡೆಯುತ್ತದೆಯೇ ಎಂದು ಕೇಳಿದ, ದೊಡ್ಡವರನ್ನು ಕೇಳುವ ಹಾಗೆ. ದಾನಮ್ಮ ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಝುಮಕಿ ಆಗ್ತದ" ಎಂದಳು ಕನ್ನಡದಲ್ಲಿ, ತನಗೇ.

ಆಮೇಲೆ ನೋಡಬೇಕಿತ್ತು ಆ ಬಸ್ಸನ್ನು! ಚೀಲಗಳು ಬಿಚ್ಚಿಕೊಂಡವು. ಈರುಳ್ಳಿ ವ್ಯಾಪಾರಿಯೊಬ್ಬ ಕೆಂಪು ಜಾಳಿಗೆಯ ಚೀಲವನ್ನೇ ಕೊಟ್ಟ. ಒಬ್ಬಾಕೆ ಕೂಸಿನ ಹಾಲಿನ ಪುಡಿಯ ಬೆಳ್ಳಿಕಾಗದ ಕೊಟ್ಟಳು, ಇನ್ನೊಬ್ಬರು ನಿನ್ನೆ ಮುಗಿದ ಮದುವೆಯ ಪತ್ರಿಕೆ. ವಯಸ್ಸಾದವರೊಬ್ಬರು ಗುಳಿಗೆಗಳನ್ನೆಲ್ಲ ಬಿಡಿಸಿ ಜೇಬಿಗೆ ಹಾಕಿಕೊಂಡು ಖಾಲಿ ಹಾಳೆಯನ್ನು ಮುಂದೆ ಚಾಚಿದರು. "ಯಪ್ಪಾ, ಗುಳಗಿ ನುಂಗೂದು ಮರೀಬ್ಯಾಡ್ರಿ ಮತ್ತ!" ಎಂದು ಚನಬಸವ್ವ ಕೂಗಿದಳು. ರಂಜನಿ ಅದನ್ನು ಮರಾಠಿಗೆ ತಿರುಗಿಸಿದಾಗ ಬಸ್ಸಿಗೆ ಬಸ್ಸೇ ನಕ್ಕಿತು. ಈ ಸಲ ಆ ನಗು ಚನಬಸವ್ವನಿಗೆ ಹಿತವಾಯಿತು.

ಅಂಟಿಗೆ ಏನು ಮಾಡುವುದು? ರಂಜನಿ ತನ್ನ ಡಬ್ಬಿ ತೆರೆದಳು. ಮೊಸರನ್ನ. "ಇದಕ್ಕಿಂತ ಒಳ್ಳೇ ಅಂಟು ಎಲ್ಲಿ ಸಿಗುತ್ತೆ ಅಜ್ಜಿ?" ಒಂದೊಂದೇ ಅಗಳು ಹಿಸುಕಿ ಕಾಗದದ ತುದಿಗೆ ಹಚ್ಚಿದರು. ಮಾಳವ್ವ ಒಂದು ಅಗಳು ಅಂಟಿಸಿದರೆ ಎರಡು ಅಗಳು ನುಂಗಿದಳು. ದಾನಮ್ಮ ಕೊನೆಯ ಸೀಟಿನಿಂದ ಮೊದಲ ಸೀಟಿನವರೆಗೂ ಓಡಾಡಿ ಕತ್ತರಿಸಿದ ಕಾಗದ ಹಂಚಿದಳು. ನಕ್ಕಿದ್ದ ತರುಣನ ಮುಂದೆ ನಿಂತು, "ಸುತ್ತು" ಎಂದು ಒಂದು ಪಟ್ಟಿ ಕೊಟ್ಟಳು. ಅವನು ತೆಪ್ಪಗೆ ವಾಯರು ಕಿತ್ತಿಟ್ಟು ಸುತ್ತಿದ. ಮೈಲಾರಿ ಅದನ್ನು ಪರೀಕ್ಷೆ ಮಾಡಿ, ಅಂದು ಹಿಂದಿ ಬಿಟ್ಟು ಕನ್ನಡದಲ್ಲೇ, "ಇದು ಗುಂಡಲ್ಲ, ಬದ್ನಿಕಾಯಿ. ಮತ್ತ ಸುತ್ತು" ಎಂದು ವಾಪಸು ಕೊಟ್ಟ. ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು. ಎರಡನೆಯ ಸಲ ಸುತ್ತಿದ್ದು ಪಾಸಾಯಿತು, ಆ ತರುಣ ಅದನ್ನು ಪಕ್ಕದವನಿಗೆ ತೋರಿಸಿಕೊಂಡ.

ಯೇವಲಾದಲ್ಲಿ ಪಾರ್ವತಿಬಾಯಿ ಎಂಬಾಕೆ ಹತ್ತಿದಳು. ಆಕೆಯದು ಪೈಠಣಿ ಸೀರೆ ನೇಯುವ ಮನೆತನ. ಮಗಳ ಮನೆಗೆ ಹೊರಟಿದ್ದಳು. ಬಸ್ಸಿನಲ್ಲಿ ಗಂಡಸರು ಹೆಂಗಸರು ಎಲ್ಲ ಕಾಗದ ಸುತ್ತುತ್ತ ಕೂತಿದ್ದನ್ನು ಕಂಡು ಆಕೆ ಕಣ್ಣು ಕಣ್ಣು ಬಿಟ್ಟಳು. ವಿಷಯ ತಿಳಿದ ಮೇಲೆ ತನ್ನ ಕೈಚೀಲದ ತಳದಿಂದ ಒಂದು ಗಂಟು ತೆಗೆದಳು. ಮಗ್ಗದಲ್ಲಿ ಕತ್ತರಿಸಿ ಉಳಿದ ರೇಷ್ಮೆಯ ಎಳೆ, ಜರಿಯ ತುದಿ. ಮೊಮ್ಮಗಳ ಗೊಂಬೆಗೆಂದು ಒಯ್ಯುತ್ತಿದ್ದಳಂತೆ. "ಪುತಳಿ ಸರಕ್ಕೆ ಹುರಿ ಬೇಡವೇ?" ಎಂದಳು ಮರಾಠಿಯಲ್ಲಿ. ಚನಬಸವ್ವನಿಗೆ ಉಳಿದ ಮಾತು ತಿಳಿಯಲಿಲ್ಲ, ಪುತಳಿ ತಿಳಿಯಿತು. "ಪುತಳಿ ಅಂತೀರಿ ನೀವೂ?" "ಪುತಳಿ, ವಾಕಿ, ಪಾಟಲಿ, ಬುಗಡಿ..." "ಬೋರಮಾಳ?" "ಬೋರಮಾಳ!" ಇಬ್ಬರು ಮುದುಕಿಯರೂ ಒಬ್ಬರ ಕೈ ಒಬ್ಬರು ಹಿಡಿದು ಒಡವೆಗಳ ಹೆಸರನ್ನೇ ಮಾತಾಡಿಕೊಂಡರು. ವೈಜಾಪುರದವರೆಗೆ ಅವರಿಗೆ ಬೇರೆ ಮಾತೇ ಬೇಕಾಗಲಿಲ್ಲ.

ವೈಜಾಪುರದ ನಿಲ್ದಾಣದಲ್ಲಿ ಕಂಡಕ್ಟರ್ ಸದಾನಂದ ತಾನೇ ಇಳಿದು ತಂಪುಪಾನೀಯದ ಅಂಗಡಿಯಿಂದ ಜೇಬು ತುಂಬ ಮುಚ್ಚಳ ತಂದ. ಡ್ರೈವರ್ ತನ್ನ ಸೀಟಿನ ಕೆಳಗಿದ್ದ ಕಬ್ಬಿಣದ ಪಾನಾದಿಂದ ಅವನ್ನು ಬಡಿದು ಚಪ್ಪಟೆ ಮಾಡಿಕೊಟ್ಟ. ಸಂಭಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಜನ ಒಡವೆ ತುಂಬಿದ್ದ ಟೀಚರ್‌ನ ಊಟದ ಡಬ್ಬಿಯೊಳಗೆ ಇಣುಕಿ, ತಾವು ಸುತ್ತಿದ ಮಣಿ ಎಲ್ಲಿದೆಯೆಂದು ಹುಡುಕಿ ತೋರಿಸಿ, ಆಮೇಲೆ ಇಳಿದರು. ಪಾರ್ವತಿಬಾಯಿ ದಾನಮ್ಮನ ತಲೆ ಸವರಿ ಹೋದಳು.

ಮೇಳದ ಸಭಾಂಗಣದಲ್ಲಿ ಎಲ್ಲ ಮೇಜುಗಳೂ ಅಚ್ಚುಕಟ್ಟಾಗಿ ಸಿದ್ಧವಾಗಿದ್ದವು. ಮಾಲೇಗಾಂವದ ಮಕ್ಕಳು ಮಗ್ಗದ ಚಿಂದಿಯಿಂದ ಗೊಂಬೆ ಮಾಡಿದ್ದರು, ದಿಂಡೋರಿಯ ಮಕ್ಕಳು ದ್ರಾಕ್ಷಿಯ ಪೆಟ್ಟಿಗೆಗಳಿಂದ ಊರನ್ನೇ ಕಟ್ಟಿದ್ದರು. ನಾಸಿಕದ ಮೇಜಿನ ಮೇಲೆ ಒಡವೆ ಹರಡಲು ಬಟ್ಟೆ ಇಲ್ಲ, ತೊಡಿಸಿ ತೋರಿಸಲು ಮಾಡಿಟ್ಟಿದ್ದ ರಟ್ಟಿನ ಕೊರಳೂ ಬೆಳಗ್ಗೆಯೇ ಸುಟ್ಟಿತ್ತು. ದಾನಮ್ಮ ಒಂದು ಕ್ಷಣ ಅತ್ತಿತ್ತ ನೋಡಿದಳು. ಆಮೇಲೆ ಅಜ್ಜಿಯ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

"ಏ, ನನಗ್ಯಾಕಲೇ? ಮುದುಕಿಗಿ ಏನ ಚಂದ? ಮಾಳವ್ವಗ ಹಾಕು."

"ಸುಮ್ನ ಕುಂಡ್ರು ಆಯಿ. ಅಲಗ್ಯಾಡಿದ್ರ ಮಸರನ್ನ ಬಿಚ್ತದ."

ಪುತಳಿ ಸರ ಕೊರಳಿಗೆ ಬಂತು. ಅದರ ಹಿಂದೆ ಬೋರಮಾಳ. ಜಾಳಿಗೆಯ ಕೆಂಪು ಎಳೆ ಹೆಣೆದ ಪಾಟಲಿ ಕೈಗೆ, ಟಿಕೆಟ್ ಸುರುಳಿಯ ಝುಮಕಿ ಕಿವಿಗೆ. ಜರಿಯ ಹುರಿಯನ್ನು ಬೆನ್ನ ಹಿಂದೆ ಬಿಗಿದು ಗಂಟು ಹಾಕುವಾಗ ದಾನಮ್ಮನ ಬೆರಳು ಅಜ್ಜಿಯ ಕುತ್ತಿಗೆಗೆ ತಾಗಿತು. ರೊಟ್ಟಿ ಬಡಿಯುತ್ತ ಬರೇ ನೋಡಿದ್ದ ಒಡವೆಗಳು ಈಗ ಮುದುಕಿಯ ಮೈಮೇಲೆ ಇದ್ದವು. ಚನಬಸವ್ವ ಪುತಳಿಯ ನಾಣ್ಯವೊಂದನ್ನು ಮುಟ್ಟಿ ನೋಡಿದಳು. ಅದರಲ್ಲಿ ಔಷಧದ ಹೆಸರು ಇನ್ನೂ ಅರ್ಧ ಕಾಣುತ್ತಿತ್ತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ಗಲ್ಲವನ್ನು ಗೌಡ್ತಿಯ ಹಾಗೆ ಎತ್ತಿ ಕುಳಿತಳು.

ಜನ ಸೇರಿದರು. ಮೇಳ ನಡೆಸುವ ಹೆಂಗಸೊಬ್ಬಳು ಬಂದು ಸರವನ್ನು ಬಗ್ಗಿ ನೋಡಿ, ಇಷ್ಟೆಲ್ಲ ಸಾಮಾನು ಎಲ್ಲಿಂದ ತಂದಿರಿ ಎಂದು ಕೇಳಿದಳು. ಈ ಪ್ರಶ್ನೆ ಬೇಡ ಎಂದೇ ಹುಡುಗಿ ಷರತ್ತು ಹಾಕಿದ್ದಳು. ರಂಜನಿ ಬಾಯಿ ತೆರೆಯುವಷ್ಟರಲ್ಲಿ ದಾನಮ್ಮ ಮುಂದೆ ಬಂದಳು. "ಕಚರಾ" ಎಂದಳು, ಆ ಮಾತನ್ನು ಎಲ್ಲರಿಗೂ ಕೇಳುವ ಹಾಗೆ. ಮುಂದಿನದನ್ನೂ ಮರಾಠಿಯಲ್ಲೇ ಹೇಳಿದಳು. "ಈ ಝುಮಕಿ ಕಂಡಕ್ಟರ್ ಕಾಕಾನ ಕಚರಾ. ಈ ಹುರಿ ಯೇವಲಾದ ಅಜ್ಜಿಯ ಕಚರಾ. ಈ ಒಂದು ಗುಂಡು ನಮ್ಮನ್ನ ನೋಡಿ ನಕ್ಕವನು ಸುತ್ತಿದ್ದು. ಮಾಡೋದು ಹೇಗೆ ಅಂತ ಹೇಳಿಕೊಟ್ಟದ್ದು ಇವರು, ನನ್ನ ಅಜ್ಜಿ." ಹೇಳಿ ಮುಗಿಸಿ, ನೋಡುತ್ತ ನಿಂತಿದ್ದ ಮಾಲೇಗಾಂವದ ಹುಡುಗಿಯೊಬ್ಬಳ ಕೈಗೆ ಕಾಗದದ ಪಟ್ಟಿ ಕೊಟ್ಟಳು. ಸ್ವಲ್ಪ ಹೊತ್ತಿನಲ್ಲೇ ಬೇರೆ ಮೇಜಿನ ಮಕ್ಕಳೆಲ್ಲ ಇವರ ಸುತ್ತ ನೆಲಕ್ಕೆ ಕುಳಿತು ಗುಂಡು ಸುತ್ತತೊಡಗಿದರು. ಬೋರಮಾಳ ಎಂದು ಹೇಳದವರಿಗೆ ದಾನಮ್ಮ ಮಣಿ ಕೊಡಲಿಲ್ಲ. ಇದು ನನ್ನ ಮೊಮ್ಮಗಳು ಎಂದು ಚನಬಸವ್ವ ಹೋಗಿಬರುವವರಿಗೆಲ್ಲ ಹೇಳಿದಳು. ಯಾರಿಗೆ ಕನ್ನಡ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಆಕೆ ನೋಡಲಿಲ್ಲ.

ಸೋಮವಾರ ಬೆಳಗಾಯಿತು. ಅಮಸಿದ್ದ ಚಹಾ ಕುಡಿಯುತ್ತ ಮಗಳ ಕಡೆ ಓರೆಗಣ್ಣಲ್ಲಿ ನೋಡಿದ. ಹೊಟ್ಟೆನೋವಿನ ಸುದ್ದಿಯೇ ಇಲ್ಲ. ದಾನಮ್ಮ ಜಡೆ ಹಾಕಿಕೊಂಡಳು, ಟಿಕೆಟ್ ಸುರುಳಿಯ ಝುಮಕಿ ಕಿವಿಗಿಟ್ಟಳು, ಪಾಟಿಚೀಲದ ಜತೆಗೆ ಪಾಕೀಟು ಆರಿಸುವ ಬಟ್ಟೆಯ ಚೀಲವನ್ನೂ ಹೆಗಲಿಗೆ ಹಾಕಿಕೊಂಡಳು. ಅಮಸಿದ್ದ ಕಪ್ಪು ಕೆಳಗಿಟ್ಟು, ತನ್ನ ಬೀಡಿಕಟ್ಟಿನ ಬಣ್ಣದ ಕಾಗದವನ್ನು ಬಿಚ್ಚಿ ಮಗಳ ಚೀಲಕ್ಕೆ ಹಾಕಿದ.

ಚನಬಸವ್ವ ಮೊಣಕಾಲು ನೋವನ್ನೂ ಲೆಕ್ಕಿಸದೆ ಶಾಲೆಯ ಗೇಟಿನವರೆಗೂ ಹಿಂದೆ ಹಿಂದೆಯೇ ಹೋದಳು. ಗೇಟಿನಲ್ಲಿ ಆ ಹುಡುಗಿಯರು ನಿಂತಿದ್ದರು. ಒಬ್ಬಳು, "ಕಚರಾವಾಲೀ ಆಲೀ" ಎಂದಳು. ದಾನಮ್ಮ ನೇರ ಅವಳ ಮುಂದೆ ಹೋಗಿ ನಿಂತಳು. "ಹೋ, ಆಲೇ" ಎಂದಳು, ಹೌದು, ಬಂದೆ ಎಂದು. ಬಟ್ಟೆಯ ಚೀಲದ ಬಾಯಿ ಅಗಲಿಸಿ ಹಿಡಿದಳು. ಆ ಹುಡುಗಿ ಕಕ್ಕಾಬಿಕ್ಕಿಯಾಗಿ ನೋಡಿದಳು. ಅವಳ ಕಣ್ಣು ಝುಮಕಿಯ ಮೇಲೆ ನಿಂತಿತು. ಕೈಯಲ್ಲಿ ಚಾಕಲೇಟಿನ ಬಂಗಾರದ ಬಣ್ಣದ ಕಾಗದವಿತ್ತು. ಅದನ್ನು ಅವಳು ಚೀಲದೊಳಕ್ಕೆ ಹಾಕಿದಳು. "ಮಲಾ ಪಣ್ ಶಿಕವಶೀಲ್?" ನನಗೂ ಕಲಿಸುತ್ತೀಯಾ ಎಂದು ಮೆಲ್ಲಗೆ ಕೇಳಿದಳು.

"ಮೊದಲ ಹೆಸರ ಹೇಳಾಕ ಕಲಿ" ಎಂದು ದಾನಮ್ಮ ಕನ್ನಡದಲ್ಲೇ ಹೇಳಿ, ಅವಳ ಕೈ ಹಿಡಿದು ಒಳಗೆ ಹೋದಳು.

ಗೇಟಿನ ಹೊರಗೆ ಚನಬಸವ್ವ ದೃಷ್ಟಿ ತೆಗೆಯಲು ಎರಡೂ ಕೈಯೆತ್ತಿದಳು. ಹಿಂದೆ ಬರುತ್ತಿದ್ದ ಮೈಲಾರಿ ಹೌಹಾರಿ ಓಡಿಬಂದು ತನ್ನ ನೀರಿನ ಬಾಟಲಿಯ ಮುಚ್ಚಳ ತಿರುವಿದ. "ಆಯಿ, ಬೆಂಕಿ ಬ್ಯಾಡ!"

"ಇಲ್ಲೋ ಮಂಗ್ಯಾ, ಬರೇ ಕೈ" ಎಂದಳು ಚನಬಸವ್ವ. ಮೊಮ್ಮಗಳು ಹೋದ ದಾರಿಯ ಕಡೆಗೆ ಕೈ ನಿವಾಳಿಸಿ, ಬೆರಳುಗಳನ್ನು ಕಣತಲೆಗೆ ಒತ್ತಿ ಲಟಲಟನೆ ಲಟಿಗೆ ಮುರಿದಳು.